ಶಾಖ ಕಾಣುವ ಚೂರು

ಧಾರವಾಡ
೨೦ ಡಿಸೆಂಬರ್ ೨೦೦೯

ಅವ್ವಾ, ಎಡಗೈಯಿಂದಲೇ ನಿನಗೆ ನಮಸ್ಕಾರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಬಲಗೈ ಇನ್ನೂ ಪ್ಲಾಸ್ಟರಿನಲ್ಲಿದೆ. ಅಕ್ಷರ ಸೊಟ್ಟಸೊಟ್ಟ ಬರುತ್ತಿವೆ, ಸಾವಕಾಶ ಓದು.

ಮಹಾಂತಪ್ಪ ಮಾಮಾ ಬಂದಿದ್ದ. ಸಿರಸಂಗಿಯಲ್ಲಿ ಬಾಯವ್ವ ಚಿಗವ್ವನ ಮನೆಯಲ್ಲಿ ನೀನು ಊಟ ಬಿಟ್ಟು ಕುಳಿತಿದ್ದೀ ಎಂದ. ಆಮೇಲೆ ನೀನು ಹೇಳಿಕಳಿಸಿದ್ದನ್ನೂ ಹೇಳಿದ: "ಪಾವಟಿಗಿ ಮ್ಯಾಲಿಂದ ಬಿದ್ದು ಕೈ ಮುರಕೊಂಡೆ ಅಂತ ಪೊಲೀಸರಿಗೆ ಬರದು ಕೊಡಬೇಕಂತ. ಅಣ್ಣ ಜೇಲಿನ್ಯಾಗ ಅದಾನ, ಒಡಹುಟ್ಟಿದಾವ." ಅಯ್ಯೋ ಅವ್ವಾ! ಯಾವ ಪಾವಟಿಗೆ, ಯಾವ ಮೆಟ್ಟಿಲು ಕೈಯಲ್ಲಿ ಕೊಡಲಿ ಹಿಡಿದು ನಿಂತಿರುತ್ತದೆ?

ನಾನು ಬರೆದು ಕೊಡುವುದಿಲ್ಲ. ಅವತ್ತು ನೀನು ಅಡುಗೆಮನೆ ಬಾಗಿಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಎಲ್ಲಾ ನೋಡಿದ್ದೀ. ಈಗ ಮರೆತವಳ ಹಾಗೆ ಮಾಡುತ್ತಿದ್ದೀ, ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ.

ಹಿಂದಿನ ದಿನ ಮನೋಳಿಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ನಾನು ಧಾರವಾಡದ ನನ್ನ ಲ್ಯಾಬಿನ ಕೆಲಸದ ಬಗ್ಗೆ ಜಂಬ ಕೊಚ್ಚುತ್ತಿದ್ದೆ. ಪೆನ್ಸಿಲ್ ಕಡ್ಡಿಯ ಗ್ರಾಫೈಟಿಗೆ ಟೇಪು ಅಂಟಿಸಿ ಕಿತ್ತು, ಮತ್ತೆ ಅಂಟಿಸಿ ಕಿತ್ತು, ಕೊನೆಗೆ ಒಂದೇ ಪರಮಾಣು ದಪ್ಪದ ಪದರ ಉಳಿಸಿಕೊಳ್ಳುತ್ತೇವೆ ಎಂದೆ. ಮೈಯಿಂದ ಹೊರಡುವ ಅವಕೆಂಪು ಬೆಳಕು, ಅಂದರೆ ಕಣ್ಣಿಗೆ ಕಾಣದ ಶಾಖದ ಬೆಳಕು, ಅದರ ಮೇಲೆ ಬಿದ್ದರೆ ಮೀಟರಿನ ಮುಳ್ಳು ಏಳಬೇಕು. ಆದರೆ ಪದರ ಎಷ್ಟು ತೆಳುವೆಂದರೆ ಬೆಳಕು ನಿಲ್ಲದೆ ತೂರಿಹೋಗುತ್ತದೆ. ಅದಕ್ಕೇ ನಾನು ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಡ್ಡಿಗಳನ್ನು ಬದನೆ ಸಸಿ ನೆಟ್ಟ ಹಾಗೆ ಸಾಲಾಗಿ ನಿಲ್ಲಿಸಿದೆ. ಬೆಳಕು ಆ ಸಾಲಿನೊಳಗೆ ಸಿಕ್ಕಿಬೀಳುತ್ತದೆ, ಮುಳ್ಳು ಏಳುತ್ತದೆ. "ಕತ್ತಲಾಗ ಮನಷ್ಯಾ ಅಡಗಿ ಕುಂತ್ರೂ ಬಿಡಂಗಿಲ್ಲ ನೋಡಣ್ಣಾ" ಎಂದು ವಿರೂಪಾಕ್ಷನಿಗೆ ಹೇಳಿದೆ. ಎದುರಿಗೆ ಕುಳಿತಿದ್ದ ತಂಗಿ ಮಧುವಿನ ಕೈಯಲ್ಲಿ ತುತ್ತು ಹಾಗೇ ನಿಂತಿತ್ತು. ನನಗೆ ಆಗ ತಿಳಿಯಲಿಲ್ಲ.

ಮರುದಿನ ಬೆಳಕು ಹರಿಯುವಾಗ, ಚಳಿಯಲ್ಲಿ ಪರೀಕ್ಷೆ ಮಾಡೋಣ ಎಂದು ಮೀಟರಿನ ಪೆಟ್ಟಿಗೆ ಹೊತ್ತು ನಮ್ಮ ಹೊಳೆದಂಡೆಯ ಹೊಲಕ್ಕೆ ಹೋದೆ. ಪಂಪಿನ ಖೋಲಿಯ ಒಡಕು ಕಿಟಕಿಗೆ ಹಿಡಿದರೆ ಮುಳ್ಳು ಜಿಗಿಯಿತು. ಇಣುಕಿದೆ. ಒಳಗೆ ನಮ್ಮ ಮಧು, ಪಕ್ಕದಲ್ಲಿ ಮೋಟಾರು ರಿಪೇರಿಗೆ ಬರುವ ಕಾಂತೇಶ. ಓಡಿಹೋಗಲು ಗೆಳೆಯನ ಗಾಡಿ ಹೊಳೆಯಾಚೆ ಬರುವತನಕ ಅಡಗಿದ್ದರು. ಮಧು ನನ್ನ ಕಾಲು ಹಿಡಿದಳು. "ಅಕ್ಕಾ, ಅಣ್ಣ ನಿನ್ನ ಮಿಷನ್ ಹಿಡಕೊಂಡ ನಮ್ಮನ್ನ ಹುಡುಕತಾನ. ಸಿಕ್ಕರ ಕಡದ ಹಾಕತಾನ."

ನಾನು ಮನೆಗೆ ತಿರುಗಿ ಬರುವ ದಾರಿಯಲ್ಲೇ ಬದುವಿನ ಮೇಲೆ ಕುಳಿತೆ. ನನ್ನ ಹತ್ತಿರ ಆ ಪದರದ ಎರಡು ಚೂರುಗಳಿದ್ದವು, ಹೋಲಿಸಿ ನೋಡಲು ತಂದವು. ಬಂಗಾರದ ಕಡ್ಡಿಗಳಿದ್ದುದನ್ನು ತೆಗೆದು ಕನ್ನಡಕದ ಡಬ್ಬಿಗೆ ಹಾಕಿದೆ, ಬೋಳು ಚೂರನ್ನು ಪೆಟ್ಟಿಗೆಗೆ ಹಾಕಿದೆ.

ಅಂಗಳದಲ್ಲಿ ಏನಿತ್ತು, ನಿನಗೆ ಗೊತ್ತು. ಕಾಂತೇಶನ ಅಪ್ಪ ಶಟ್ಟೆಪ್ಪ ಕಾಕಾನನ್ನು ದನದ ಗೂಟಕ್ಕೆ ಕಟ್ಟಿದ್ದರು. ಕಿವಿಯಿಂದ ರಕ್ತ ಅಂಗಿಯ ಮೇಲೆ ಇಳಿಯುತ್ತಿತ್ತು. ವಿರೂಪಾಕ್ಷ ಎತ್ತಿನ ಬಾರುಕೋಲಿನಿಂದ ಹೊಡೆಯುತ್ತಿದ್ದ, ಕೇಳುತ್ತಿದ್ದ, ಮತ್ತೆ ಹೊಡೆಯುತ್ತಿದ್ದ. "ನನಗ ಗೊತ್ತಿಲ್ರೀ ಧಣಿ, ದೇವರಾಣಿ ಗೊತ್ತಿಲ್ರೀ" ಎನ್ನುತ್ತ ಎನ್ನುತ್ತ ಮುದುಕನ ದನಿಯೇ ನಿಂತುಹೋಯಿತು. ಕಾಂತೇಶನ ಬೈಕು ಬಾಗಿಲಲ್ಲೇ ಉರಿಯುತ್ತಿತ್ತು. ಊರವರು ಗೋಡೆಯ ಆಚೆ ನಿಂತು ನೋಡಿದರು. ಥೂ!

ನನ್ನನ್ನು ಕಂಡದ್ದೇ ವಿರೂಪಾಕ್ಷ ಜಡೆ ಹಿಡಿದು ಅಡುಗೆಮನೆಗೆ ಎಳೆದ. ಪೆಟ್ಟಿಗೆಯನ್ನು ಮೊದಲು ಒಲೆಗೆ ಹಿಡಿಸಿದ, ಮುಳ್ಳು ತುಸು ಅಲುಗಿತು. ಆಮೇಲೆ ತನ್ನ ಎದೆಗೇ ತಿರುಗಿಸಿಕೊಂಡ. ಮುಳ್ಳು ಮಿಸುಕಲಿಲ್ಲ.

"ಮನಷ್ಯಾರ ಕಾಣಂಗಿಲ್ಲೇನ ಇದಕ್ಕ?"

"ಇನ್ನೂ ತಯಾರಾಗಿಲ್ಲಣ್ಣಾ. ನಿನ್ನೆ ಬರೇ ಬಡಾಯಿ ಹೇಳಿದ್ನಿ."

ಅವನು ಕಟ್ಟಿಗೆ ಒಡೆಯುವ ಕೊಡಲಿಯನ್ನು ಎತ್ತಿ, ಮೊಂಡುಬದಿ ಮುಂದಾಗುವಂತೆ ತಿರುಗಿಸಿ ಹಿಡಿದ. ಪೆಟ್ಟಿಗೆಯ ಮೇಲೆ ನನ್ನ ಕೈ ಇತ್ತು. "ಕೈ ತಗಿ" ಎಂದ. ನನ್ನ ಕೆಲಸವದು, ಅವ್ವಾ, ಹೇಗೆ ತೆಗೆಯಲಿ? ತೆಗೆಯಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತ ಹೊಡೆದ. ಎಲುಬು ಮುರಿದ ಸದ್ದು ನಿನಗೂ ಕೇಳಿಸಿದೆ. ಅವನು ಅಲ್ಲಿ ಸಿಟ್ಟು ತೀರಿಸಿಕೊಳ್ಳುವಷ್ಟರಲ್ಲಿ ಅವರಿಬ್ಬರೂ ಹೊಳೆ ದಾಟಿದರು. ಈಗ ಮದುವೆಯಾಗಿದ್ದಾರೆ. ಊರ ಹೆಸರು ಬರೆಯುವುದಿಲ್ಲ.

ಶಟ್ಟೆಪ್ಪ ಕಾಕಾನಿಗೆ ಒಂದು ಕಿವಿ ಕೇಳುವುದಿಲ್ಲ. ಊರಲ್ಲಿ ಯಾರೂ ಸಾಕ್ಷಿ ಹೇಳುತ್ತಿಲ್ಲ. ಅಡುಗೆಮನೆಯಲ್ಲಿ ಇದ್ದವಳು ನೀನೊಬ್ಬಳೇ. ನೀನು ಬಾಯಿ ಬಿಡದಿದ್ದರೆ ಅವನು ಹೊರಗೆ ಬರುತ್ತಾನೆ, ಬಂದರೆ ಮೊದಲು ಮಧುವನ್ನು ಹುಡುಕುತ್ತಾನೆ. ಜೈಲಿನಲ್ಲಿರುವ ಮಗ ನಿನ್ನ ಮಗ, ನನಗೂ ಒಡಹುಟ್ಟಿದವನು. ಆದರೆ ಮಧುವನ್ನು ಹೆತ್ತವಳೂ ನೀನೇ. ಸವದತ್ತಿ ಠಾಣೆಗೆ ಬಂದು ಕಂಡದ್ದನ್ನು ಹೇಳು. ಇಷ್ಟೇ ನಾನು ಕೇಳುವುದು.

ಕೈ ಮುರಿದರೂ ಬಾಯಿ ಮುಚ್ಚದ ನಿನ್ನ ಹಿರಿಮಗಳು,
ನಾಗರತ್ನಾ

ತಾ.ಕ.: ಒಂದು ಮಾತು ಮೇಲೆ ಬರೆದಿಲ್ಲ. ಓದಿದ ಕೂಡಲೇ ಈ ಹಾಳೆ ಒಲೆಗೆ ಹಾಕು. ಆ ಬೆಳಿಗ್ಗೆ ಪಂಪಿನ ಖೋಲಿಯಲ್ಲಿ ಮುಳ್ಳು ಜಿಗಿದದ್ದು ಮಧುವಿನ ಮೈಬಿಸಿಗೆ ಅಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂದು ಗಂಟಿತ್ತು. ಆಗತಾನೇ ಹಂಚಿನಿಂದ ಇಳಿದ ಜೋಳದ ರೊಟ್ಟಿ, ಮುಟ್ಟಿದರೆ ಸುಡುತ್ತಿತ್ತು. ಸುತ್ತಿದ ಬಟ್ಟೆ ನಿನ್ನ ಹಳೆಯ ಇಳಕಲ್ ಸೀರೆಯ ಸೆರಗು. ಪಡಸಾಲೆಯಲ್ಲಿ ಮಲಗಿದ್ದ ವಿರೂಪಾಕ್ಷನನ್ನು ದಾಟಿ ನೀನು ಹೊಲದತನಕ ನಡೆದು ಬಂದಿದ್ದೆ. ನನ್ನ ಚೂರು ಮೊಟ್ಟಮೊದಲು ಕಂಡದ್ದು ನಿನ್ನನ್ನೇ, ಅವ್ವಾ. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಮಂಗಳವಾರ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ಬರುವಾಗ ನನಗೂ ಎರಡು ರೊಟ್ಟಿ ಕಟ್ಟಿಕೊಂಡು ಬಾ.