ಕೆಂಪು ದಾರದ ಲೋಟ

ಮಾರ್ಚ್ ೧೨, ಗುರುವಾರ

ಮೂರು ವಾರದಿಂದ ಎದೆ ಮೇಲೆ ಕೂತಿದ್ದ ಕಲ್ಲು ಇವತ್ತು ಇಳಿಯಿತು. ಪೂರ್ತಿ ಅಲ್ಲ, ಮುಕ್ಕಾಲು.

ನನಗೆ ಹೆಪಟೈಟಿಸ್ ಬಿ ಅಂತ ಗೊತ್ತಾದ ದಿನವೇ, ಬೇರೆಯವರು ಮುಟ್ಟದಿರಲಿ ಅಂತ, ನನ್ನ ಲೋಟ, ಚಮಚ ಎಲ್ಲಕ್ಕೂ ಕೆಂಪು ದಾರ ಸುತ್ತಿದ್ದೆ. ದರ್ಜಿಗೆ ಇನ್ನೇನು ಹೊಳೆಯುತ್ತೆ? ಊಟಕ್ಕೂ ಹೊಲಿಗೆ ಮೆಷಿನ್ ಪಕ್ಕ ಒಬ್ಬನೇ ಕೂರುತ್ತಿದ್ದೆ, ಚಹಾವನ್ನೂ ನಾನೇ ಬೇರೆ ಮಾಡಿಕೊಳ್ಳುತ್ತಿದ್ದೆ.

ಇವತ್ತು ಆಸ್ಪತ್ರೆಗೆ ಹೆಂಡತಿ, ತಮ್ಮ ಇಬ್ಬರೂ ಜೊತೆಗೆ ಬಂದಿದ್ದರು. ಅವರ ರಕ್ತವನ್ನೂ ಪರೀಕ್ಷೆಗೆ ಕೊಟ್ಟಿದ್ದೆವು. ಡಾಕ್ಟರಮ್ಮ ಮೊದಲು ನನ್ನ ರಿಪೋರ್ಟು ಬಿಡಿಸಿ ಹೇಳಿದರು. ರಕ್ತದಲ್ಲಿ ವೈರಸ್ ಇದೆ, ಆದರೆ ತೀರಾ ಕಡಿಮೆ. ಲಿವರ್‌ಗೆ ಏನೂ ಆಗಿಲ್ಲ. ಸದ್ಯಕ್ಕೆ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾತ್ರ ತಪ್ಪಿಸಬಾರದು.

ನಾನು ಜಂಬದಿಂದ ದಾರದ ಕಥೆ ಹೇಳಿದೆ.

"ಲೋಟದಿಂದ ಹರಡಲ್ಲ ರೀ. ರಕ್ತ ಸೋಕಿದರೆ ಹರಡುತ್ತೆ. ಗಡ್ಡ ಕೆರೆಯೋ ರೇಜರ್ ಬೇರೆ ಇಟ್ಟಿದ್ದೀರಾ?"

ನಾನು ತಮ್ಮನ ಕಡೆ ತಿರುಗಿದೆ. ತಮ್ಮನಿಗೂ ನನಗೂ ಇರುವುದು ಒಂದೇ ರೇಜರ್. ಇವತ್ತು ಬೆಳಿಗ್ಗೆ ಕೂಡ ಇಬ್ಬರೂ ಅದರಲ್ಲೇ ಗಡ್ಡ ಕೆರೆದುಕೊಂಡಿದ್ದೆವು.

ಡಾಕ್ಟರಮ್ಮ ಉಳಿದ ಎರಡು ರಿಪೋರ್ಟು ತೆರೆಯುವಷ್ಟರಲ್ಲಿ ನನ್ನ ಜೀವ ಅರ್ಧ ಆಗಿತ್ತು. ಇಬ್ಬರಿಗೂ ಸೋಂಕಿಲ್ಲ. ಹಿಂದೆ ಹಾಕಿಸಿಕೊಂಡ ಲಸಿಕೆ ಕಾಪಾಡಿದೆ.

"ಲೋಟ ಮುಟ್ಟಿದ್ದಕ್ಕೆ ನನ್ನ ಮೇಲೆ ಹಾರಾಡಿದ್ಯಲ್ಲ ಅಣ್ಣಾ" ಅಂತ ತಮ್ಮ ದಾರಿಯುದ್ದಕ್ಕೂ ನಕ್ಕ.

ಮನೆಗೆ ಬಂದ ಮೇಲೆ ಹೆಂಡತಿ ಲೋಟದ ದಾರ ಬಿಚ್ಚಿ ನನ್ನ ರೇಜರಿಗೆ ಬಿಗಿದು ಕಟ್ಟಿದಳು. ತಮ್ಮನ ಕೈಗೆ ಹೊಸದೊಂದು ಕೊಟ್ಟಳು. ಆಮೇಲೆ ನಾನು ಅರ್ಧ ಕುಡಿದಿಟ್ಟ ಚಹಾವನ್ನು ಅದೇ ಲೋಟದಿಂದ ಒಂದು ಗುಟುಕು ಕುಡಿದು, ಮುಖ ಸಿಂಡರಿಸಿದಳು.

"ಮೂರು ವಾರದಿಂದ ಇಷ್ಟು ಸಪ್ಪೆ ಚಹಾನಾ ಕುಡೀತಿದ್ದಿದ್ದು? ಹೇಳಬಾರದಿತ್ತಾ?"