ಪರೀಕ್ಷೆಗೆ ಮುಂಚಿನ ಹತ್ತು ನಿಮಿಷ

ಮಾರ್ಚ್ 2, ಭಾನುವಾರ. ಮಧ್ಯಾಹ್ನ 3

ಪರಮಾಣು ನಿಯಂತ್ರಣ ಮಂಡಳಿಯ ವಾರ್ಷಿಕ ವರದಿ, ಪುಟ 112ರವರೆಗೆ. ‘ತೃಪ್ತಿಕರ’ ಎಂಬ ಮಾತು ಈವರೆಗೆ ನಲವತ್ತೊಂದು ಸಲ. ಪ್ರತಿ ಸಲವೂ ಪೆನ್ಸಿಲ್ಲಿನಲ್ಲಿ ಗೀಟು. ಗ್ರಂಥಾಲಯದಲ್ಲಿ ಮೂವತ್ತು ವರ್ಷ, ಪುಸ್ತಕದಲ್ಲಿ ಗೀಟು ಹಾಕಿದವರನ್ನೆಲ್ಲ ಬೈದವನು ನಾನು...

ಮಗಳು, ಅಳಿಯ ಊಟಕ್ಕೆ ಬಂದಿದ್ದರು. ನಮ್ಮೂರ ಅಣು ವಿದ್ಯುತ್ ಸ್ಥಾವರದ ಎರಡು ಡೀಸೆಲ್ ಜನರೇಟರುಗಳು ಅಳಿಯನ ಉಸ್ತುವಾರಿ. ಹೊರಗಿನ ಕರೆಂಟು ಹೋದರೆ ರಿಯಾಕ್ಟರನ್ನು ತಂಪಾಗಿಡುವ ಪಂಪುಗಳಿಗೆ ಅವೇ ಗತಿ. ಹತ್ತು ಸೆಕೆಂಡಿನೊಳಗೆ ಚಾಲೂ ಆಗಬೇಕು. ತಿಂಗಳಿಗೊಮ್ಮೆ ಪರೀಕ್ಷೆ.

“ನಾಳೆ ಬೇಗ ಹೋಗ್ಬೇಕು ಮಾವ. ಪರೀಕ್ಷೆಗೆ ಮುಂಚೆ ಎರಡನೇ ಎಂಜಿನ್ನ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿಡ್ಬೇಕು.”

“ಪರೀಕ್ಷೆಗೆ ಮುಂಚೇನಾ?”

“ತಣ್ಣಗಿರೋದನ್ನ ಒಂದೇ ಏಟಿಗೆ ಎಬ್ಬಿಸಿದ್ರೆ ಬೇರಿಂಗ್ ಸವೆಯುತ್ತಲ್ಲ, ಅದಕ್ಕೆ. ಮೊದಲಿಂದ್ಲೂ ಹೀಗೇ.”

“ಕರೆಂಟು ನಿಮಗೆ ಹೇಳಿ ಹೋಗುತ್ತೇನಪ್ಪಾ, ಹೊರಟಿದ್ದೀನಿ, ಬಿಸಿ ಮಾಡ್ಕೊಳ್ಳಿ ಅಂತ?”

ಮಗಳು ನಕ್ಕಳು. “ಶುರುವಾಯ್ತು! ಅಪ್ಪಾ, ಅವರನ್ನ ಊಟ ಮಾಡೋಕೆ ಬಿಡಿ.”

ಅಳಿಯ ನಗಲಿಲ್ಲ. ತಟ್ಟೆ ನೋಡುತ್ತಾ ಕುಳಿತ.

ಮಾರ್ಚ್ 3

ಹಳೆಯ ಪತ್ರಿಕೆಯ ತುಣುಕು ಸಿಕ್ಕಿತು. ಹತ್ತೊಂಬತ್ತು ವರ್ಷದ ಹಿಂದೆ ಬಿರುಗಾಳಿಗೆ ಸ್ಥಾವರದ ಕರೆಂಟು ಲೈನು ಕಡಿದಿತ್ತು. ಒಂದು ಎಂಜಿನ್ ಏಳು ನಿಮಿಷ ಏಳಲೇ ಇಲ್ಲ. ಇನ್ನೊಂದು ಉಳಿಸಿತು. “ಬಿಡಿ ಘಟನೆ” ಎಂದಿದ್ದರು ಅಧಿಕಾರಿಗಳು. ಊರು ಮರೆಯಿತು. ನಾನು ಮರೆತಿಲ್ಲ. ಅಂದಿನಿಂದ ಪ್ರತಿ ತಿಂಗಳೂ ಪಾಸು, ಪಾಸು, ಪಾಸು. ಹೇಗೆ ಎಂಬುದು ನಿನ್ನೆ ತಿಳಿಯಿತು.

ಮಂಡಳಿಗೆ ಎರಡು ಪುಟ ಬರೆದೆ. ಸೋಮವಾರ ಬೆಳಗ್ಗೆ, ಎರಡನೇ ಎಂಜಿನ್, ಹತ್ತು ನಿಮಿಷ. ಬರೆದ ಮೇಲೆ ಖಚಿತವಾಗಿರಬೇಕು, ಇಲ್ಲವಾದರೆ ಪೋಸ್ಟ್ ಮಾಡಬಾರದು. ನನ್ನದೇ ಹೆಸರು, ನನ್ನದೇ ಸಹಿ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಮಾರ್ಚ್ 29

ಉತ್ತರ ಬಂತು. ಒಂದೇ ವಾಕ್ಯ. “ತಮ್ಮ ಪತ್ರವನ್ನು ಸೂಕ್ತ ಕ್ರಮಕ್ಕಾಗಿ ಸ್ಥಾವರದ ಮುಖ್ಯಸ್ಥರಿಗೆ ಕಳುಹಿಸಲಾಗಿದೆ.”

ಯಾರ ಮೇಲೆ ದೂರೋ ಅವರಿಗೇ! ಇದಕ್ಕೆ ಮೇಲ್ವಿಚಾರಣೆ ಅಂತ ಹೆಸರು. ಮೈಯೆಲ್ಲ ಉರಿಯಿತು. ಆಮೇಲೆ, ಬಹಳ ತಡವಾಗಿ, ಅಳಿಯನ ನೆನಪಾಯಿತು.

ಮಾರ್ಚ್ 31. ಸಂಜೆ

ಮಗಳು ಒಬ್ಬಳೇ ಬಂದಳು. ಕೂರಲಿಲ್ಲ.

“ನಿಮ್ಮ ಪತ್ರ ಸರಿಯಪ್ಪನ ಮೇಜಿನ ಮೇಲಿದೆ.”

ಸರಿಯಪ್ಪ ಎಂದರೆ ಸ್ಥಾವರದ ಮುಖ್ಯಸ್ಥ. ಯಾವ ಕಾಗದ ಕೊಟ್ಟರೂ ‘ಸರಿ’ ಎಂದು ಬರೆಯುವುದರಿಂದ ಕೆಲಸಗಾರರು ಇಟ್ಟ ಹೆಸರು.

“ಆ ಬೆಳಗ್ಗೆ ಅಲ್ಲಿದ್ದೋರು ಇಬ್ಬರೇ ಅಂತೆ. ಅದರಲ್ಲಿ ಒಬ್ಬರ ಮಾವನಿಗೆ ಮಾತ್ರ ಇಷ್ಟು ಚೆನ್ನಾಗಿ ಬರೆಯೋಕೆ ಬರುತ್ತೆ ಅಂತೆ. ಒಳಗಿನ ವಿಷಯ ಹೊರಗೆ ಹೇಳಿದ್ದಕ್ಕೆ ಇವರಿಗೆ ನೋಟಿಸು. ಬರೋ ಸೋಮವಾರದೊಳಗೆ ಉತ್ತರ ಕೊಡ್ಬೇಕು. ಬಿಸಿ ಮಾಡೋ ಪದ್ಧತಿಯೇ ಇಲ್ಲ ಅಂತ ಬರೆದುಕೊಟ್ರೆ ನೋಟಿಸು ಹರಿದು ಹಾಕ್ತಾರಂತೆ. ಇಲ್ಲಾಂದ್ರೆ ಕೆಲಸ ಹೋಗುತ್ತೆ.”

“ಅವನೇನಂತಾನೆ?”

“ಮಾತೇ ಆಡ್ತಿಲ್ಲ.”

“ಬರೆದುಕೊಡ್ಲಿ ಬಿಡು. ಮುದುಕನಿಗೆ ಅರಳುಮರಳು ಅಂತ ಸೇರಿಸಲಿ ಬೇಕಾದ್ರೆ.”

ಈ ಮಾತು ನನ್ನ ಬಾಯಿಂದಲೇ ಬಂತು. ಮಗಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು, ಯಾರೋ ಹೊಸಬರನ್ನು ನೋಡಿದ ಹಾಗೆ.

ಏಪ್ರಿಲ್ 4

ಮಂಡಳಿಯ ತಪಾಸಣಾಧಿಕಾರಿ ಮನೆಗೇ ಬಂದರು. ಮಗಳಿಗಿಂತ ಚಿಕ್ಕ ಹೆಂಗಸು.

“ಪತ್ರ ಅಲ್ಲಿಗೆ ಕಳಿಸಿದ್ದು ನಮ್ಮ ಕಚೇರಿ ತಪ್ಪು ಸರ್.”

ಕೂಗಾಡಿದೆ. ಪೂರ್ತಿ ಕೇಳಿಸಿಕೊಂಡರು. ಯಾರು ಹೇಳಿದರೆಂದು ಕೇಳಲಿಲ್ಲ. ತಣ್ಣಗಿರುವಾಗಲೇ ಎರಡನೇ ಎಂಜಿನ್ ಪರೀಕ್ಷಿಸುತ್ತಾರಂತೆ, ಹೇಳದೆ ಕೇಳದೆ ಬಂದು.

“ಆದ್ರೆ ಒಂದು ಮಾತು ಸರ್. ಅದು ಎದ್ದುಬಿಟ್ರೆ ನಿಮ್ಮ ದೂರು ಅಲ್ಲಿಗೇ ಮುಗಿಯುತ್ತೆ. ಬಿಸಿ ಮಾಡಿದ್ದು ಯಾವ ದಾಖಲೆಯಲ್ಲೂ ಇಲ್ಲ. ಒಳಗಿನವರು ಬಾಯಿ ಬಿಡ್ಬೇಕು.”

ಬಾಯಿ ಬಿಡಬಲ್ಲವನ ಬಾಯಿಗೆ ನಾನೇ ಹೊಲಿಗೆ ಹಾಕಿದ್ದೇನೆ. ಹೇಳಲಿಲ್ಲ.

ಏಪ್ರಿಲ್ 7, ಸೋಮವಾರ. ಬೆಳಗ್ಗೆ 11.40

ಅಳಿಯ ಈಗ ಬಂದ. ಕೆಲಸದ ಬಟ್ಟೆಯಲ್ಲೇ. ಕತ್ತಿನಲ್ಲಿ ಗುರುತಿನ ಚೀಟಿಯಿಲ್ಲ.

“ಹೊರಗೆ ಬರ್ತಾ ಗೇಟಲ್ಲಿ ಇಸ್ಕೊಂಡ್ರು ಮಾವ. ವಿಚಾರಣೆ ಮುಗಿಯೋವರೆಗೂ ಬರಬಾರದಂತೆ.”

ತಪಾಸಣಾಧಿಕಾರಿ ಆರು ಗಂಟೆಗೇ ಹೋಗಿದ್ದರಂತೆ. ಎರಡನೇ ಎಂಜಿನ್ ತಣ್ಣಗಿತ್ತು. ಗುಂಡಿ ಒತ್ತಿದರು. ಒಂಬತ್ತು ಸೆಕೆಂಡಿಗೆ ಎದ್ದಿತು!

“ಎದ್ದಿತೇ?”

“ಜಮ್ಮಂತ ಎದ್ದಿತು. ‘ನೋಡಿದ್ರಾ ಮೇಡಂ’ ಅಂತ ಸರಿಯಪ್ಪ ಹಲ್ಲು ಕಿರಿದ. ಜೇಬಿಂದ ಕಾಗದ ತೆಗೆದು ನನ್ನ ಕೈಗೆ ಕೊಟ್ಟ, ಸಹಿ ಹಾಕು ಅಂತ. ಪೆನ್ನೂ ಅವನೇ ಕೊಟ್ಟ.”

“ಹಾಕಿದೆಯಾ?”

“ಆ ಪೆನ್ನಲ್ಲೇ ಪರೀಕ್ಷೆ ರಿಜಿಸ್ಟರಲ್ಲಿ ಬರೆದೆ. ನಾನು ಕೆಲಸಕ್ಕೆ ಸೇರಿದ ಮೂರು ವರ್ಷದಿಂದ ಎರಡೂ ಎಂಜಿನ್ನು ಬಿಸಿ ಮಾಡಿದ ಮೇಲೇ ಪರೀಕ್ಷೆ ಮಾಡಿದ್ದೀವಿ, ಬಿಸಿ ಮಾಡಿದವನು ನಾನು ಅಂತ. ಮೇಡಂ ಓದಿದ್ರು. ‘ಎರಡೂನಾ?’ ಅಂದ್ರು. ಆ ದಿನ ಎರಡನೇದರ ಸರದಿ, ನಿಮ್ಮ ಪತ್ರದಲ್ಲಿ ಅದೊಂದೇ ಇತ್ತಲ್ಲ. ಒಂದನೇದನ್ನೂ ಎಬ್ಬಿಸಿ ಅಂದ್ರು.”

ಮೂರು ಸಲ ಒತ್ತಿದರಂತೆ. ಏಳಲಿಲ್ಲ. ಇವತ್ತೇ ರಿಯಾಕ್ಟರ್ ನಿಲ್ಲಿಸಲು ಆದೇಶವಾಗಿದೆ.

ನನ್ನೊಳಗೆ ಒಂದು ಹೆಮ್ಮೆ ಉಬ್ಬಿ ಬಂತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. “ನೋಡಿದೆಯಾ, ನಾನು ಹೇಳಿರಲಿಲ್ಲವೇ” ಎಂದೂ ಅಂದುಬಿಟ್ಟೆ.

ಅವನು ಶೂ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

“ಕೆಲಸ ಹೋದ್ರೆ ಹೋಗ್ಲಿ ಮಾವ, ಆ ಬೇಜಾರಿಲ್ಲ. ಪತ್ರ ಬರೆಯೋಕೆ ಮುಂಚೆ ನನಗೊಂದು ಮಾತು ಹೇಳ್ಬಹುದಿತ್ತಲ್ಲ? ಎರಡೂ ಎಂಜಿನ್ನು ಅಂತ ನಾನೇ ಹೇಳ್ತಿದ್ದೆ. ಕೆಳಗೆ ನಾನೂ ಸಹಿ ಹಾಕ್ತಿದ್ದೆ.”

ಹಿತ್ತಲಿಗೆ ಹೋಗಿ ಕೈಕಾಲು ತೊಳೆಯುತ್ತಿದ್ದಾನೆ. ನಲ್ಲಿಯ ಸದ್ದು ಕೇಳುತ್ತಿದೆ. ಒಳಗೆ ಬಂದ ಕೂಡಲೇ ಹೇಳಬೇಕು, ನಾನು ನಿನ್ನನ್ನೂ ಸರಿಯಪ್ಪನ ಕಡೆಯವರಲ್ಲೊಬ್ಬ ಎಂದುಕೊಂಡುಬಿಟ್ಟಿದ್ದೆ ಎಂದು. ನಲ್ಲಿ ನಿಂತಿತು.