ಅತ್ತೆಯ ಕೋಣೆಯ ನೆಲ

14 ನವೆಂಬರ್, ಶುಕ್ರವಾರ. ಇಲ್ಫರ್ಡ್.

ನೆಲಮಾಳಿಗೆಯ ಕೋಣೆಗಳಿಗೆ ಯಾವ ಹೀಟಿಂಗ್ ಎಂದು ಬಿಲ್ಡರ್‌ಗೆ ನಾಳೆ ಬೆಳಿಗ್ಗೆ ಹೇಳಲೇಬೇಕು. ಹರ್ಷಿತ್‌ಗೆ ನೆಲವನ್ನೇ ಬಿಸಿ ಮಾಡುವ ನೆಲದಡಿಯ ಹೀಟಿಂಗೇ ಬೇಕು. ಅವನ ವಾದವೂ ಸುಳ್ಳಲ್ಲ. ದೊಡ್ಡ ಕೋಣೆ ಅವನ ಅಮ್ಮನಿಗೆ, ಅತ್ತೆ ಕುರ್ಚಿಯಲ್ಲಿ ಕೂರುವವರಲ್ಲ. ತರಕಾರಿ ಹೆಚ್ಚುವುದು, ಫೋನಿನಲ್ಲಿ ಕುಂದಾಪುರದ ತಂಗಿಯೊಂದಿಗೆ ಜಗಳವಾಡುವುದು, ಎಲ್ಲವೂ ನೆಲದ ಮೇಲೆಯೇ.

ಸಂಜೆ ಅವನು ಆಫೀಸಿನಿಂದ ಬರುವ ಮೊದಲು, ಬಿಲ್ಡರ್ ಮಾದರಿಗೆಂದು ಬಿಟ್ಟುಹೋದ ಬಿಸಿಯಾಗುವ ಹಲಗೆಯನ್ನು ಪ್ಲಗ್‌ಗೆ ಹಾಕಿದೆ. ಅತ್ತೆ ಬರಿಗಾಲಲ್ಲಿ ಅದರ ಮೇಲೆ ನಿಂತರು.

"ಬಿಸಿಯೇ ಆಗ್ಲಿಲ್ಲ ಮಾರಾಯ್ತಿ. ಸ್ವಲ್ಪ ಜಾಸ್ತಿ ಮಾಡು."

ಮಾಡಿದೆ. ಆಗಲೂ ಇಲ್ಲವಂತೆ. ಬಗ್ಗಿ ಕೈಯಿಟ್ಟವಳು ಚುರುಕ್ಕೆಂದು ಹಿಂದೆಗೆದೆ. ಅವರು ಆರಾಮವಾಗಿ ನಿಂತೇ ಇದ್ದರು. ಎಳೆದು ಇಳಿಸಿದಾಗ ಪಾದಗಳು ಕೆಂಪಾಗಿದ್ದವು.

ಸಕ್ಕರೆ ಕಾಯಿಲೆ ಹಳೆಯದು. ಕಾಲಿಗೆ ಏನೂ ಗೊತ್ತಾಗುವುದಿಲ್ಲ ಎಂಬುದು ಅವರಿಗೆ ಮೊದಲೇ ತಿಳಿದಿತ್ತು, ಮುಖವೇ ಹೇಳಿತು.

"ಅವ್ನಿಗೆ ಹೇಳ್ಬೇಡ. ಆಸೆಯಿಂದ ಮಾಡಿಸ್ತಾ ಇದ್ದಾನೆ."

ಊಟಕ್ಕೆ ಕೂತಾಗ, ಕೋಣೆ ಬಿಸಿ ಮಾಡಲು ಗೋಡೆಗೆ ರೇಡಿಯೇಟರ್ ಸಾಕು ಎಂದಷ್ಟೇ ಹೇಳಿದೆ. ಹರ್ಷಿತ್ ಸಿಡಿದ: "ನನ್ನ ಅಮ್ಮನಿಗೆ ಅಂದ್ರೆ ನಿಂಗೆ ಯಾವಾಗ್ಲೂ ಇಷ್ಟೇ ಸಾಕು, ಅಲ್ವಾ?"

ಅತ್ತೆ ತಲೆಯೆತ್ತಲಿಲ್ಲ. ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. ನನಗೆ ಉರಿದುಹೋಯಿತು. ಆದರೂ ಎದ್ದು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ.

ಅವನ ಕಣ್ಣಿಗೆ ಕೆಟ್ಟವಳಾಗಿಯೇ ಇದ್ದುಬಿಡಬಹುದು. ರೇಡಿಯೇಟರ್ ಹಾಕಿಸಿದರೆ ಮುಗಿಯಿತು, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಈಗಷ್ಟೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಬಾತ್‌ರೂಮಿನಲ್ಲಿ ನಲ್ಲಿಯ ಸದ್ದು. ಅತ್ತೆ ಮಲಗುವ ಮೊದಲು ಕಾಲು ತೊಳೆಯುತ್ತಾರೆ. ಬಿಸಿನೀರಿನಲ್ಲಿ, ಆ ಕಾಲಿನಿಂದಲೇ ಬಿಸಿ ನೋಡಿಕೊಂಡು. ಒಬ್ಬರೇ—